ಮಿಸ್ಸಿ ಎಲಿಯಟ್ ಅಂದ್ರೆ ಬರೀ ಆ ಕಪ್ಪು ಬಲೂನ್ ಬಟ್ಟೆನಾ?

ಹಳೇಕ್ಯಾಸೆಟ್:
ನಿನ್ನೆ ರಾತ್ರಿ ಅಕ್ಕನ ಮಗನ ಜೊತೆ ಜೋರು ವಾದ ಆಯಿತು. ಅವನಿಗೆ 19 ವರ್ಷ, ರ‍್ಯಾಪ್ ಅಂದರೆ ಪ್ರಾಣ. ಹೆಣ್ಣು ರ‍್ಯಾಪರ್‌ಗಳಲ್ಲಿ ಯಾರು ದೊಡ್ಡವರು ಅಂತ ಮಾತು ಬಂತು. ನಾನು ಮಿಸ್ಸಿ ಎಲಿಯಟ್ ಅಂದೆ. "ಕಪ್ಪು ಬಲೂನ್ ಥರ ಬಟ್ಟೆ ಹಾಕಿಕೊಂಡಿದ್ದಳಲ್ಲ, ಅವಳಾ? ಅವಳ ಹಾಡೆಲ್ಲ ಪ್ರೊಡ್ಯೂಸರ್ ಟಿಂಬಲ್ಯಾಂಡ್ ಮಾಡಿದ್ದಲ್ವಾ ಮಾಮ" ಅಂದುಬಿಟ್ಟ.

ನನಗೆ ನಿಜವಾಗಿ ಬೇಜಾರಾಯಿತು. ಆ ಬಟ್ಟೆ 1997ರ 'ದ ರೈನ್' ವಿಡಿಯೊದ್ದು. ಹೈಪ್ ವಿಲಿಯಮ್ಸ್ ನಿರ್ದೇಶನ. ಗಾಳಿ ತುಂಬಿದ ಕಪ್ಪು ಉಡುಪು, ಫಿಶ್‌ಐ ಲೆನ್ಸ್. ಆ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ಆದರೆ ಅವಳು ಬರೆದದ್ದು, ರಾಗ ಕಟ್ಟಿದ್ದು, ಬೇರೆಯವರಿಗೆ ಹಾಡು ಮಾಡಿಕೊಟ್ಟದ್ದು ಯಾರಿಗೂ ನೆನಪಿಲ್ಲ. ಈ ಹುಡುಗನಿಗೆ ಏನು ಹೇಳಲಿ? ಯಾವ ಹಾಡು ಕೇಳಿಸಲಿ? ತಿಳಿದವರು ಹೇಳಿ.

ಬೀಟ್‌ಹುಚ್ಚ:
ಹುಡುಗ ಪೂರ್ತಿ ತಪ್ಪು ಹೇಳಿಲ್ಲ ಸಾರ್. ಮೊದಲ ಆಲ್ಬಮ್ 'ಸೂಪಾ ಡೂಪಾ ಫ್ಲೈ' ಪ್ರೊಡ್ಯೂಸ್ ಮಾಡಿದ್ದು, ಅಂದರೆ ಬೀಟ್ ಕಟ್ಟಿ ಹಾಡಿಗೆ ರೂಪ ಕೊಟ್ಟದ್ದು, ಟಿಂಬಲ್ಯಾಂಡ್. ಡ್ರಮ್ ತಡವರಿಸಿ ಬರುತ್ತೆ, ನಡುವೆ ಖಾಲಿ ಜಾಗ ಬಿಡುತ್ತೆ, ಬಾಯಲ್ಲೇ ಏನೇನೋ ಶಬ್ದ ಮಾಡಿ ತಾಳಕ್ಕೆ ಸೇರಿಸಿರುತ್ತಾರೆ. ಅದೆಲ್ಲ ಅವನ ಕೈಚಳಕ. ಆ ಬೀಟ್ ತೆಗೆದುಹಾಕಿ ಕೇಳಿ. ಏನು ಉಳಿಯುತ್ತೆ?

ನೀಲಿಪೆನ್ನು:
ಉಳಿಯೋದು ಹಾಡು. ಅದನ್ನು ಬರೆದದ್ದು ಮಿಸ್ಸಿ.

ಬೀಟ್‌ಹುಚ್ಚ ಅವ್ರೇ, ಬೀಟ್ ಮಾಡಿದವನೊಬ್ಬನೇ ಹಾಡು ಮಾಡಿದ ಹಾಗೆ ಆಗೋದಿಲ್ಲ. ಅದರ ಮೇಲೆ ಪದ ಎಲ್ಲಿ ಬೀಳಬೇಕು, ಎಲ್ಲಿ ಉಸಿರು ಬಿಡಬೇಕು, ಹಿಂದಿನ ದನಿಗಳು ಹೇಗೆ ಕೂರಬೇಕು ಅಂತ ಯಾರೋ ತೀರ್ಮಾನ ಮಾಡಬೇಕು ಅಲ್ವಾ? 1996ರಲ್ಲಿ ಗಾಯಕಿ ಆಲಿಯಾಳ 'ವನ್ ಇನ್ ಎ ಮಿಲಿಯನ್' ಆಲ್ಬಮ್ ಬಂತು. ಅದರ ಹಲವು ಹಾಡುಗಳನ್ನು ಮಿಸ್ಸಿ ಮತ್ತು ಟಿಂಬಲ್ಯಾಂಡ್ ಸೇರಿ ಬರೆದರು. ಆಗ ಮಿಸ್ಸಿಯದ್ದೇ ಅಂತ ಒಂದು ಆಲ್ಬಮ್ ಕೂಡ ಹೊರಗೆ ಬಂದಿರಲಿಲ್ಲ. ಅಂದರೆ ಅವಳು ಮೊದಲು ಬರಹಗಾರ್ತಿ, ಆಮೇಲೆ ರ‍್ಯಾಪರ್.

ಇನ್ನೂ ಇದೆ. 1999ರಲ್ಲಿ 702 ಅನ್ನೋ ಹುಡುಗಿಯರ ತಂಡಕ್ಕೆ ಬರೆದ ಹಾಡು ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ವಿಟ್ನಿ ಹ್ಯೂಸ್ಟನ್‌ಗೆ 1998ರ ಆಲ್ಬಮ್‌ನಲ್ಲಿ ಕೆಲಸ ಮಾಡಿದಳು. ಮೋನಿಕಾಗೆ 2003ರಲ್ಲಿ 'ಸೋ ಗಾನ್'. ಮರುವರ್ಷ ಸಿಯಾರಾ ಜೊತೆ '1, 2 ಸ್ಟೆಪ್'. 2001ರ 'ಲೇಡಿ ಮಾರ್ಮಲೇಡ್' ನೆನಪಿದೆಯಾ? ನಾಲ್ಕು ಜನ ಗಾಯಕಿಯರು ಹಾಡಿ ಪಟ್ಟಿಯ ತುದಿಗೆ ಏರಿದ್ದು. ಅದರ ಪ್ರೊಡ್ಯೂಸರ್‌ಗಳಲ್ಲಿ ಮಿಸ್ಸಿ ಒಬ್ಬಳು. ಹಾಡಿನ ಶುರುವಿನಲ್ಲಿ ಕೇಳೋ ಮಾತೂ ಅವಳದ್ದೇ.

ನಿಮ್ಮ ಅಳಿಯನಿಗೆ 'ಲೂಸ್ ಕಂಟ್ರೋಲ್' ಕೇಳಿಸಿ. 2005ರದ್ದು. ಪ್ರೊಡ್ಯೂಸರ್ ಮಿಸ್ಸಿ ಎಲಿಯಟ್. ಟಿಂಬಲ್ಯಾಂಡ್ ಅಲ್ಲಿ ಇಲ್ಲವೇ ಇಲ್ಲ. ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು.

ತಮಟೆ:
ಲೂಸ್ ಕಂಟ್ರೋಲ್ 👏👏

ಹಳೇಕ್ಯಾಸೆಟ್:
ಅಯ್ಯೋ, ಅದು ಅವಳದ್ದೇ ಪ್ರೊಡಕ್ಷನ್ ಅಂತ ನನಗೂ ಗೊತ್ತಿರಲಿಲ್ಲ! ಥ್ಯಾಂಕ್ಸ್ ನೀಲಿಪೆನ್ನು.

ಬೀಟ್‌ಹುಚ್ಚ:
ಒಂದು ಹಾಡು ತೋರಿಸಿ ವಾದ ಗೆಲ್ಲೋಕಾಗಲ್ಲ. 'ಗೆಟ್ ಯುವರ್ ಫ್ರೀಕ್ ಆನ್', 'ವರ್ಕ್ ಇಟ್' ಎರಡರಲ್ಲೂ ಟಿಂಬಲ್ಯಾಂಡ್ ಇದ್ದಾನೆ. ಜನ ನೆನಪಿಟ್ಟುಕೊಂಡಿದ್ದು ಅವನ್ನೇ.

ಸಂಜೆಗಾಳಿ:
ಒಂದು ಮಾತು. ಟಿಂಬಲ್ಯಾಂಡ್ ಜೊತೆ ಕೆಲಸ ಮಾಡಿದ ಗಂಡಸರಿಗೆ ಈ ಪ್ರಶ್ನೆ ಯಾರೂ ಕೇಳಲ್ಲ. ಜಸ್ಟಿನ್ ಟಿಂಬರ್‌ಲೇಕ್‌ಗೆ ಕೇಳ್ತಾರಾ? ಜೇ-ಜೀಗೆ ಕೇಳ್ತಾರಾ? ಹೆಂಗಸಾದರೆ ಮಾತ್ರ "ಹಿಂದೆ ಯಾರಿದ್ದಾರೆ" ಅಂತ ಹುಡುಕೋಕೆ ಹೊರಡ್ತಾರೆ.

ಬೀಟ್‌ಹುಚ್ಚ:
ಟಿಂಬರ್‌ಲೇಕ್ ಬಗ್ಗೆ ನಾನು ಇದೇ ಮಾತು ಹೇಳ್ತೀನಿ, ಇನ್ನೂ ಜೋರಾಗಿ ಹೇಳ್ತೀನಿ. ಗಂಡು-ಹೆಣ್ಣು ಅಂತ ಎಳೀಬೇಡಿ.

ಮಳೆಬಿಲ್ಲು:
ಜಗಳ ನಡೀಲಿ. ನಾನು ಆಕೆಯ ಶುರುವಿನ ಕಥೆ ಹೇಳ್ತೀನಿ. ಅದು ಗೊತ್ತಿಲ್ಲದೆ ಆ ಕಪ್ಪು ಬಟ್ಟೆ ಅರ್ಥ ಆಗಲ್ಲ ಅಂತ ನನಗೆ ಅನಿಸುತ್ತೆ.

ಹುಟ್ಟಿದ್ದು 1971ರ ಜುಲೈ 1, ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ. ಹೆಸರು ಮೆಲಿಸಾ. ಅಪ್ಪ ಅಮೆರಿಕದ ಮೆರೀನ್ ಪಡೆಯಲ್ಲಿದ್ದ. ಮನೆಯಲ್ಲಿ ಅಮ್ಮನಿಗೆ ಹೊಡೆಯುತ್ತಿದ್ದ. ಮಗಳಿಗೆ 14 ವರ್ಷ ಆದಾಗ ಅಮ್ಮ ಅವಳನ್ನು ಕರೆದುಕೊಂಡು ಮನೆ ಬಿಟ್ಟಳು. ಸುಮ್ನೆ ಸುತ್ತಾಡಿ ಬರೋಣ ಅಂತ ಹೇಳಿ ಬಸ್ ಹತ್ತಿಸಿದಳಂತೆ. ಅಷ್ಟರಲ್ಲಿ ಮನೆಯವರು ಸಾಮಾನನ್ನು ಲಾರಿಗೆ ತುಂಬಿದ್ದರು. ಆ ಮಗು ಮೈಕಲ್ ಜಾಕ್ಸನ್‌ಗೆ, ಜಾನೆಟ್ ಜಾಕ್ಸನ್‌ಗೆ ಕಾಗದ ಬರೆಯುತ್ತಿತ್ತು. ಅವರು ಬಂದು ತನ್ನನ್ನು ಕರೆದುಕೊಂಡು ಹೋಗ್ತಾರೆ ಅನ್ನೋ ಆಸೆ.

ಆಮೇಲೆ ಗೆಳತಿಯರ ಜೊತೆ ಒಂದು ಹಾಡಿನ ತಂಡ ಕಟ್ಟಿದಳು. ಜೊಡೆಸಿ ಅನ್ನೋ ಗಾಯಕರ ತಂಡದ ಡಿವಾಂಟೆ ಸ್ವಿಂಗ್ ಈ ಹುಡುಗಿಯರನ್ನು ತನ್ನ ಜೊತೆ ಸೇರಿಸಿಕೊಂಡ. ತಂಡದ ಹೆಸರು 'ಸಿಸ್ಟಾ' ಆಯಿತು. 1994ರಲ್ಲಿ ಆಲ್ಬಮ್ ರೆಡಿ ಆಗಿತ್ತು, ಕಂಪನಿ ತಡೆಹಿಡಿಯಿತು. ತಂಡ ಒಡೆಯಿತು.

ಅದಕ್ಕಿಂತ ಸ್ವಲ್ಪ ಮೊದಲು, 1993ರಲ್ಲಿ, ಇನ್ನೊಂದು ಏಟು ಬಿದ್ದಿತ್ತು. ರೇವನ್-ಸಿಮೋನೆ ಅನ್ನೋ ಪುಟ್ಟ ಹುಡುಗಿಗೆ ಮಿಸ್ಸಿ ಒಂದು ಹಾಡು ಬರೆದುಕೊಟ್ಟಳು. ಅದರಲ್ಲಿ ರ‍್ಯಾಪ್ ಕೂಡ ಮಾಡಿದಳು. ವಿಡಿಯೊ ಬಂದಾಗ ನೋಡಿದರೆ ದನಿ ಅವಳದ್ದು, ಮುಖ ಬೇರೆಯವಳದ್ದು. ತೆಳ್ಳಗಿದ್ದ ಇನ್ನೊಬ್ಬಳು ಬಾಯಿ ಆಡಿಸುತ್ತಿದ್ದಳು. ಮಿಸ್ಸಿ ದಪ್ಪಗಿದ್ದಾಳೆ, ನೋಡೋಕೆ ಸರಿಯಿಲ್ಲ ಅನ್ನೋದು ಕಾರಣ.

ಈಗ ಹೇಳಿ. ನಾಲ್ಕು ವರ್ಷ ಆದಮೇಲೆ ತನ್ನ ಮೊದಲ ವಿಡಿಯೊದಲ್ಲಿ ಅದೇ ಹುಡುಗಿ ಗಾಳಿ ತುಂಬಿಸಿಕೊಂಡು ತನ್ನನ್ನು ಇನ್ನೂ ಎರಡು ಪಟ್ಟು ದೊಡ್ಡದು ಮಾಡಿ ನಿಂತಳು. ಯಾರನ್ನು ಕ್ಯಾಮೆರಾದಿಂದ ಆಚೆ ಇಟ್ಟರೋ ಅವಳೇ ಇಡೀ ಪರದೆ ತುಂಬಿಬಿಟ್ಟಳು. ಅದು ಬರೀ ತಮಾಷೆ ಬಟ್ಟೆನಾ?

ಕಡಲತೀರ:
ಮಳೆಬಿಲ್ಲು, ಓದಿ ಕಣ್ಣಲ್ಲಿ ನೀರು ಬಂತು. ನನಗೂ ಹೀಗೇ ಆಗಿತ್ತು.

ಏಳನೇ ಕ್ಲಾಸಲ್ಲಿ ಸ್ಕೂಲ್ ಡೇಗೆ ಒಂದು ನೃತ್ಯರೂಪಕ. ಹಾಡಿದ್ದು ನಾನು. ಮೊದಲೇ ರೆಕಾರ್ಡ್ ಮಾಡಿಕೊಂಡಿದ್ದರು. ಸ್ಟೇಜಿನ ಮೇಲೆ ನಿಲ್ಲಿಸಿದ್ದು ಬೇರೆ ಹುಡುಗಿಯನ್ನು. "ನೀನು ಸ್ವಲ್ಪ ದಪ್ಪ, ಈ ಡ್ರೆಸ್ ಆಗಲ್ಲ" ಅಂದರು. ನಾನು ಪರದೆ ಹಿಂದೆ ನಿಂತು ನನ್ನ ದನಿಗೆ ಅವಳು ಬಾಯಿ ಆಡಿಸೋದನ್ನು ನೋಡಿದೆ. ಮುಗಿದ ಮೇಲೆ ನಮ್ಮಮ್ಮನೇ ಬಂದು "ಆ ಹುಡುಗಿ ಚೆನ್ನಾಗಿ ಹಾಡಿದಳು ಅಲ್ವಾ" ಅಂದರು. ಅದು ನನ್ನ ದನಿ ಅಂತ ಅಮ್ಮನಿಗೆ ಗೊತ್ತಾಗಲಿಲ್ಲ. ನಾನು ಹೇಳಲೂ ಇಲ್ಲ. ಆಮೇಲೆ ಯಾವತ್ತೂ ಮೈಕ್ ಮುಂದೆ ನಿಲ್ಲಲಿಲ್ಲ.

ಮಿಸ್ಸಿ ನಿಂತಳು. ಅದಕ್ಕೇ ಅವಳು ನನಗೆ ಇಷ್ಟ.

ಮಳೆಬಿಲ್ಲು:
ಅಕ್ಕ, ಈಗಲಾದರೂ ಅಮ್ಮನಿಗೆ ಹೇಳಿ. ♥

ಸಂಜೆಗಾಳಿ:
ಮಳೆಬಿಲ್ಲು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 1996ರಲ್ಲಿ ಎಲೆಕ್ಟ್ರಾ ಅನ್ನೋ ಸಂಗೀತ ಕಂಪನಿಯ ಮುಖ್ಯಸ್ಥೆ ಸಿಲ್ವಿಯಾ ರೋನ್ ಕರೆದಾಗ ಮಿಸ್ಸಿಗೆ ಬೇಕಿದ್ದದ್ದು ತನ್ನದೇ ಲೇಬಲ್, ಅಂದರೆ ಹಾಡು ಹೊರತರೋ ಸ್ವಂತ ಸಂಸ್ಥೆ. ಬೇರೆಯವರಿಗೆ ಹಾಡು ಬರೆದುಕೊಂಡು ತೆರೆಯ ಹಿಂದೆ ಇರೋಣ ಅಂತ. ಕಂಪನಿ "ಲೇಬಲ್ ಕೊಡ್ತೀವಿ, ಆದರೆ ನೀನೂ ಒಂದು ಆಲ್ಬಮ್ ಮಾಡು" ಅಂತ ಷರತ್ತು ಹಾಕಿತು. ಹಾಗೆ 'ಗೋಲ್ಡ್‌ಮೈಂಡ್' ಲೇಬಲ್ ಹುಟ್ಟಿತು. ಆ 'ಸೂಪಾ ಡೂಪಾ ಫ್ಲೈ' ಆಲ್ಬಮ್ ಎರಡೇ ವಾರದಲ್ಲಿ ಮುಗಿಸಿದರು. ಬಿಡುಗಡೆಯಾದ ವಾರವೇ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 3ನೇ ಸ್ಥಾನ. 25ನೇ ವಯಸ್ಸಿಗೆ ಸ್ವಂತ ಲೇಬಲ್ ಕೇಳಿ ತಗೊಂಡವಳನ್ನು ಇನ್ನೊಬ್ಬರ ನೆರಳು ಅಂತ ಹೇಗೆ ಹೇಳ್ತೀರಿ?

ತಮಟೆ:
'ಗೆಟ್ ಯುವರ್ ಫ್ರೀಕ್ ಆನ್' ಬಗ್ಗೆ ಯಾರೂ ಮಾತಾಡ್ತಿಲ್ಲ. ಅದರಲ್ಲಿ ಸುತ್ತಿ ಸುತ್ತಿ ಬರೋ ತಂತಿ ನಾದ ಪಂಜಾಬಿನ 'ತುಂಬಿ' ಅನ್ನೋ ವಾದ್ಯದ್ದು, ಜೊತೆಗೆ ತಬಲಾ. ಭಾಂಗ್ರಾ ಕೇಳಿದ ಕಿವಿಗೆ ತಕ್ಷಣ ಗೊತ್ತಾಗುತ್ತೆ. 2001ರಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನಾನು ವಾಲ್ಯೂಮ್ ಜಾಸ್ತಿ ಮಾಡಿ ಕಿವಿ ಹಚ್ಚಿ ಕೂತಿದ್ದೆ. ಅಮೆರಿಕದ ರ‍್ಯಾಪ್‌ನಲ್ಲಿ ನಮ್ಮ ತಬಲಾ!

ಅಂಗಳ:
ಆಮೇಲೆ ಲತಾ ಮಂಗೇಶ್ಕರ್ ಹಾಡನ್ನು ಕೇಳದೇ ತಗೊಂಡು ಕೋರ್ಟಿಗೆ ಹೋಯಿತಲ್ಲ, ಅದೂ ಇದೇ ಮಿಸ್ಸಿ ತಾನೇ?

ನೀಲಿಪೆನ್ನು:
ಅಲ್ಲ, ಅಲ್ಲ. ಅದು ಟ್ರೂತ್ ಹರ್ಟ್ಸ್ ಅನ್ನೋ ಗಾಯಕಿಯ 2002ರ 'ಅಡಿಕ್ಟಿವ್'. ಪ್ರೊಡ್ಯೂಸರ್ ಡಿಜೆ ಕ್ವಿಕ್. ಅದರಲ್ಲಿದ್ದದ್ದು ಲತಾ ಹಾಡಿದ, ಬಪ್ಪಿ ಲಾಹಿರಿ ಸಂಗೀತದ 'ಥೋಡಾ ರೇಶಮ್ ಲಗ್ತಾ ಹೈ'. ಬಪ್ಪಿ ಲಾಹಿರಿ ಹೆಸರು ಹಾಕದೆ ಮಾರಬಾರದು ಅಂತ 2003ರಲ್ಲಿ ಲಾಸ್ ಏಂಜಲಿಸ್‌ನ ನ್ಯಾಯಾಧೀಶರು ಆದೇಶ ಕೊಟ್ಟರು. ಮಿಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಮಿಸ್ಸಿಯ ಆಲ್ಬಮ್ ಹೆಸರು 'ಮಿಸ್ ಇ... ಸೋ ಅಡಿಕ್ಟಿವ್'. ಹೆಸರು ಹತ್ತಿರ ಇರೋದರಿಂದ ಜನ ಕಲಸಿಕೊಳ್ತಾರೆ.

ಅಂಗಳ:
ಓಹ್, ಸರಿ. ಇಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದೆ.

ಬೇರುಬಿಳಲು:
ನಡುವೆ ಬಂದದ್ದಕ್ಕೆ ಕ್ಷಮಿಸಿ. ಈ ಚರ್ಚೆಯಲ್ಲಿ ಎಲ್ಲರೂ ಮಿಸ್ಸಿಗೆ "ಅವಳು" ಅಂತಿದ್ದೀರಿ. ಲತಾ ಬಗ್ಗೆ ಆಗಿದ್ದರೆ "ಅವರು ಹಾಡಿದರು" ಅಂತಿದ್ದಿರಿ. 50 ದಾಟಿದ ಕಲಾವಿದೆ, "ಅವರು" ಅನ್ನಬಾರದಾ?

ಹಳೇಕ್ಯಾಸೆಟ್:
ನನ್ನ ಮಟ್ಟಿಗೆ ಅದು ಸಲಿಗೆ. ಹದಿಹರೆಯದಿಂದ ಕೇಳ್ತಾ ಬಂದವಳು, ಮನೆಯವಳ ಹಾಗೆ. ಅಗೌರವ ಖಂಡಿತಾ ಇಲ್ಲ.

ಸಂಜೆಗಾಳಿ:
ಟಿಂಬಲ್ಯಾಂಡ್‌ಗೂ "ಅವನು" ಅಂತಲೇ ಬರೆದಿದ್ದಾರೆ, ಹಾಗಾಗಿ ಸಮ ಆಯಿತು. ಆದರೂ ನಿಮ್ಮ ಮಾತು ಸರಿ. ನಾನು ಇನ್ನು "ಅವರು" ಅಂತಲೇ ಬರೀತೀನಿ.

ಅಂಗಳ:
ಇನ್ನೊಂದು ಕೇಳ್ತೀನಿ, ಬೈಬೇಡಿ. ಸಾಹಿತ್ಯ ಸ್ವಲ್ಪ ಅತಿ ಅನಿಸಲ್ವಾ? 'ವರ್ಕ್ ಇಟ್' ಮನೆಯಲ್ಲಿ ಮಕ್ಕಳ ಮುಂದೆ ಹಾಕೋಕಾಗಲ್ಲ.

ಸಂಜೆಗಾಳಿ:
ಮಕ್ಕಳ ಮುಂದೆ ಹಾಕಬೇಡಿ, ಒಪ್ಪುತ್ತೀನಿ. ಆದರೆ ಗಂಡು ರ‍್ಯಾಪರ್‌ಗಳು ಇಪ್ಪತ್ತು ವರ್ಷ ಹೆಂಗಸರ ಮೈ ಬಗ್ಗೆ ಹಾಡಿದಾಗ ಅದು ಸ್ಟೈಲ್ ಆಗಿತ್ತು. ಒಬ್ಬ ಹೆಂಗಸು ತನ್ನ ಆಸೆಯನ್ನು ತಾನೇ, ನಗುತ್ತಾ, ನಾಚಿಕೆ ಇಲ್ಲದೆ ಹೇಳಿದರೆ ಅತಿ ಆಯಿತು. ಅವರ ಹಾಡಲ್ಲಿ ಬೇಡೋ ಹೆಂಗಸು ಇಲ್ಲ, ತನಗೇನು ಬೇಕು ಅಂತ ಗೊತ್ತಿರೋ ಹೆಂಗಸು ಇದ್ದಾಳೆ. ನನಗೆ ಅದು ದೊಡ್ಡ ವಿಷಯ.

ತಮಟೆ:
'ವರ್ಕ್ ಇಟ್'ನಲ್ಲಿ ಒಂದು ಸಾಲು ಯಾವುದೋ ಬೇರೆ ಭಾಷೆ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ಅದರ ಹಿಂದಿನ ಸಾಲನ್ನೇ ತಿರುಗಿಸಿ ಹಾಕಿದ್ದಾರೆ! ಹಿಂದುಮುಂದು ಮಾಡ್ತೀನಿ ಅಂತ ಹೇಳಿ ನಿಜವಾಗಿ ಹಿಂದುಮುಂದು ಮಾಡಿಬಿಟ್ಟಿದ್ದಾರೆ. ಬೀಟ್‌ಹುಚ್ಚ, ಇದು ಪದ ಮತ್ತು ಶಬ್ದ ಎರಡನ್ನೂ ಒಟ್ಟಿಗೆ ಯೋಚಿಸೋರ ಕೆಲಸ.

ಪಟ್ಟಿಪ್ರಿಯ:
ಆ ಹಾಡು 2002-03ರಲ್ಲಿ ಬಿಲ್‌ಬೋರ್ಡ್‌ನಲ್ಲಿ 10 ವಾರ 2ನೇ ಸ್ಥಾನದಲ್ಲೇ ಇತ್ತು. ಮೇಲೆ ಎಮಿನೆಮ್‌ನ 'ಲೂಸ್ ಯುವರ್‌ಸೆಲ್ಫ್' ಕೂತಿತ್ತು, ಇಳಿಯಲೇ ಇಲ್ಲ.

ಇನ್ನೊಂದು ವಿಚಾರ. ಗ್ರ್ಯಾಮಿಯಲ್ಲಿ ಮಹಿಳಾ ರ‍್ಯಾಪರ್‌ಗಳಿಗೆ ಅಂತ ಪ್ರತ್ಯೇಕ ಸೋಲೊ ವಿಭಾಗ ಇದ್ದದ್ದು ಎರಡೇ ವರ್ಷ, 2003 ಮತ್ತು 2004. ಎರಡೂ ಸಲ ಗೆದ್ದದ್ದು ಮಿಸ್ಸಿ. ಆಮೇಲೆ ಆ ವಿಭಾಗವನ್ನೇ ತೆಗೆದರು. ಒಟ್ಟು 4 ಗ್ರ್ಯಾಮಿ.

ಅಂಗಳ:
ಪ್ರತ್ಯೇಕ ವಿಭಾಗ ಇದ್ದದ್ದು ಒಳ್ಳೇದಾ, ತೆಗೆದದ್ದು ಒಳ್ಳೇದಾ?

ಪಟ್ಟಿಪ್ರಿಯ:
ತೆಗೆದದ್ದೇ ಸರಿ ಅಂತೀನಿ. ಅವರು 2002ರಲ್ಲಿ ಗಂಡಸರ ಜೊತೆ ಒಂದೇ ವಿಭಾಗದಲ್ಲಿ ಸ್ಪರ್ಧಿಸಿ 'ಗೆಟ್ ಯುವರ್ ಫ್ರೀಕ್ ಆನ್'ಗೆ ಗೆದ್ದಿದ್ದರು. ಬೇರೆ ಸಾಲು ಯಾಕೆ ಬೇಕು?

ಬೇರುಬಿಳಲು:
ನನಗೆ ಲಾರಿನ್ ಹಿಲ್ ಇನ್ನೂ ದೊಡ್ಡವರು. 1999ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ. ಹಿಪ್‌ಹಾಪ್ ಆಲ್ಬಮ್‌ಗೆ ಆ ಬಹುಮಾನ ಬಂದದ್ದು ಅದೇ ಮೊದಲು. ಇನ್ನೂ ಹಿಂದೆ ಹೋದರೆ ರಾಕ್ಸನ್ ಶಾಂಟೆ ಇದ್ದಾರೆ, 1984ರಲ್ಲಿ 14 ವರ್ಷದ ಹುಡುಗಿ. ಎಂಸಿ ಲೈಟ್, ಕ್ವೀನ್ ಲತೀಫಾ ಎಲ್ಲ ದಾರಿ ಮಾಡಿಕೊಟ್ಟ ಮೇಲೆ ಮಿಸ್ಸಿ ಬಂದದ್ದು. ಅವರನ್ನು ಮರೆತು ಮಾತಾಡಬೇಡಿ.

ನೀಲಿಪೆನ್ನು:
ಯಾರೂ ಮರೆತಿಲ್ಲ. 2023ರ ನವೆಂಬರ್‌ನಲ್ಲಿ ಮಿಸ್ಸಿಯನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ವೇದಿಕೆಯಲ್ಲಿ ಅವರನ್ನು ಪರಿಚಯಿಸಿದ್ದೇ ಕ್ವೀನ್ ಲತೀಫಾ. ಆ ಗೌರವ ಪಡೆದ ಮೊದಲ ಹೆಣ್ಣು ರ‍್ಯಾಪರ್ ಮಿಸ್ಸಿ. ಅದಕ್ಕಿಂತ ನನಗೆ ಖುಷಿ ಕೊಟ್ಟದ್ದು 2019ರದ್ದು. ಹಾಡು ಬರೆಯುವವರ ಹಾಲ್ ಆಫ್ ಫೇಮ್. ಅಲ್ಲೂ ಮೊದಲ ಹೆಣ್ಣು ರ‍್ಯಾಪರ್. ಅವರಿಗಿಂತ ಮುಂಚೆ ಅಲ್ಲಿ ಸೇರಿದ್ದ ರ‍್ಯಾಪರ್‌ಗಳು ಇಬ್ಬರೇ, ಜೇ-ಜೀ ಮತ್ತು ಜರ್ಮೇನ್ ಡುಪ್ರಿ.

ಬೀಟ್‌ಹುಚ್ಚ:
ಪ್ರಶಸ್ತಿ ಪಟ್ಟಿ ಬಿಡಿ. 2005ರ ನಂತರ ಒಂದಾದರೂ ಪೂರ್ತಿ ಆಲ್ಬಮ್ ಬಂತಾ? 2019ರಲ್ಲಿ ಐದು ಟ್ರ್ಯಾಕಿನ ಒಂದು ಇಪಿ, ಅಂದರೆ ಚಿಕ್ಕ ಆಲ್ಬಮ್, ಅಷ್ಟೇ. ಅಷ್ಟು ವರ್ಷ ಏನು ಮಾಡ್ತಿದ್ದರು?

ಹಸಿಮಣ್ಣು:
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಇದಕ್ಕೆ ಉತ್ತರ ಕೊಡಲೇಬೇಕು.

ಅವರಿಗೆ ಗ್ರೇವ್ಸ್ ಕಾಯಿಲೆ ಇತ್ತು. ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡೋ ಕಾಯಿಲೆ. ಮೈಯ ರೋಗನಿರೋಧಕ ಶಕ್ತಿಯೇ ಅದನ್ನು ಕೆರಳಿಸುತ್ತೆ. 2008ರಲ್ಲಿ ಗೊತ್ತಾಗಿ, 2011ರಲ್ಲಿ ಎಲ್ಲರ ಮುಂದೆ ಹೇಳಿಕೊಂಡರು. ಕಾರು ಓಡಿಸುವಾಗ ಕಾಲು ಸೆಳೆತ ಬಂದು ಬ್ರೇಕ್ ಒತ್ತೋಕಾಗದೆ ಅಪಘಾತ ಆಗೋದರಲ್ಲಿತ್ತಂತೆ. ಹಾಡು ಬರೆಯೋಕೆ ಪೆನ್ನು ಹಿಡಿಯೋಕೂ ಆಗುತ್ತಿರಲಿಲ್ಲವಂತೆ.

ನನಗೂ ಇದೇ ಕಾಯಿಲೆ. ಎದೆ ಡಬಡಬ, ಬೆವರು, ನಿದ್ದೆ ಇಲ್ಲ, ತೂಕ ಇಳೀತಾ ಇತ್ತು. ನಾನು ತೋರಿಸಿದ ಮೊದಲ ಡಾಕ್ಟರ್ "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂತ ಮಾತ್ರೆ ಬರೆದು ಕಳಿಸಿದರು. ಎಂಟು ತಿಂಗಳು ಹಾಗೇ ಕಳೆಯಿತು. ಒಂದು ದಿನ ಚೆಕ್ ಮೇಲೆ ಸಹಿ ಮಾಡೋಕೆ ಹೋದೆ, ಕೈ ನಡುಗಿ ಸಹಿ ನನ್ನದೇ ಅಲ್ಲ ಅನ್ನೋ ಹಾಗೆ ಬಂತು. ಬ್ಯಾಂಕಿನವರು ವಾಪಸ್ ಕೊಟ್ಟರು. ಆಮೇಲೆ ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು, ಆಗ ಗೊತ್ತಾಯಿತು. ಸಹಿ ಮಾಡೋಕಾಗದ ನನಗೇ ಅಷ್ಟು ಭಯ ಆಗಿತ್ತು. ಬರೆಯೋದೇ ಬದುಕು ಆಗಿರೋರಿಗೆ ಹೇಗಾಗಿರಬೇಕು?

ಬೀಟ್‌ಹುಚ್ಚ:
ಹಸಿಮಣ್ಣು ಅವ್ರೇ, ಇದು ನನಗೆ ಗೊತ್ತಿರಲಿಲ್ಲ. ಆ ಮಾತು ವಾಪಸ್ ತಗೋತೀನಿ. ಈಗ ಹೇಗಿದ್ದೀರಿ?

ಹಸಿಮಣ್ಣು:
ಈಗ ಆರಾಮು. ಸಹಿ ಮೊದಲಿನ ಹಾಗೇ ಇದೆ.

ನೀಲಿಪೆನ್ನು:
ಆ ಹೊತ್ತಲ್ಲೂ ಅವರು ಪೂರ್ತಿ ಸುಮ್ಮನಿರಲಿಲ್ಲ. 2007ರಲ್ಲಿ ಕೀಶಿಯಾ ಕೋಲ್‌ಗೆ 'ಲೆಟ್ ಇಟ್ ಗೋ', 2008ರಲ್ಲಿ ಜಾಸ್ಮಿನ್ ಸಲಿವನ್‌ಗೆ 'ನೀಡ್ ಯು ಬ್ಯಾಡ್'. ಹೊಸ ಹುಡುಗಿಯರನ್ನು ಎತ್ತಿ ನಿಲ್ಲಿಸುತ್ತಿದ್ದರು. ತಮ್ಮ ಆಲ್ಬಮ್ ಬರಲಿಲ್ಲ ಅಷ್ಟೇ.

ಅದಕ್ಕೂ ಮುಂಚಿನ ಪೆಟ್ಟು ಆಲಿಯಾ ಸಾವು. 2001ರ ಆಗಸ್ಟ್ 25ರಂದು ಬಹಾಮಾಸ್‌ನಲ್ಲಿ ವಿಮಾನ ಅಪಘಾತ. ಆಲಿಯಾಗೆ ಬರೀ 22 ವರ್ಷ. ಮರುವರ್ಷದ 'ಅಂಡರ್ ಕನ್‌ಸ್ಟ್ರಕ್ಷನ್' ಆಲ್ಬಮ್‌ನಲ್ಲಿ ಗೆಳತಿ ಹೋದ ದುಃಖ ಹಾಗೇ ಕೇಳಿಸುತ್ತೆ.

ತಮಟೆ:
2015ರ ಸೂಪರ್ ಬೌಲ್, ಅದೇ ಅಮೆರಿಕನ್ ಫುಟ್‌ಬಾಲ್ ಫೈನಲ್, ಯಾರಾದ್ರೂ ನೋಡಿದ್ರಾ? ಆಟದ ವಿರಾಮದಲ್ಲಿ ಗಾಯಕಿ ಕೇಟಿ ಪೆರ್ರಿ ಕಾರ್ಯಕ್ರಮ. ನಡುವೆ ಮಿಸ್ಸಿ ಬಂದರು. ಟಿವಿಯಲ್ಲಿ 11 ಕೋಟಿಗೂ ಹೆಚ್ಚು ಜನ ನೋಡ್ತಿದ್ದರು. ಚಿಕ್ಕ ಹುಡುಗರು "ಯಾರಿದು ಹೊಸ ರ‍್ಯಾಪರ್" ಅಂತ ಕೇಳಿದರು. ಮುಂದಿನ ವಾರ ಅವರ ಹಳೇ ಹಾಡುಗಳೆಲ್ಲ ಮತ್ತೆ ಮಾರಾಟದ ಪಟ್ಟಿಗೆ ಬಂದವು.

ಚುಕ್ಕಿಲೋಕ:
ನಾನು ಈ ಕಡೆ ಬರೋಳಲ್ಲ, ಆಕಾಶ ನೋಡೋಳು. ಆದರೆ ಮಿಸ್ಸಿ ಹೆಸರು ನಮ್ಮ ಕಡೆಗೂ ಬಂದಿದೆ. 2024ರ ಜುಲೈ 12ರಂದು ನಾಸಾ 'ದ ರೈನ್' ಹಾಡನ್ನು ಶುಕ್ರ ಗ್ರಹಕ್ಕೆ ಕಳಿಸಿತು. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾದಿಂದ. ದೂರ ಸುಮಾರು 25.4 ಕೋಟಿ ಕಿ.ಮೀ. ಬೆಳಕಿನ ವೇಗದಲ್ಲಿ ಹೋದರೂ ಹತ್ತಿರ ಹತ್ತಿರ 14 ನಿಮಿಷ. ನಾಸಾ ಹೀಗೆ ಕಳಿಸಿದ ಮೊದಲ ಹಿಪ್‌ಹಾಪ್ ಹಾಡು ಅದು. ಶುಕ್ರ ಅವರಿಗೆ ಇಷ್ಟದ ಗ್ರಹವಂತೆ.

ಕಡಲತೀರ:
ಕ್ಯಾಮೆರಾ ಮುಂದೆ ನಿಲ್ಲಿಸೋಕೆ ಹಿಂದೆಮುಂದೆ ನೋಡಿದ ಹುಡುಗಿಯ ದನಿ ಶುಕ್ರಕ್ಕೆ ಹೋಯಿತು!

ಮಳೆಬಿಲ್ಲು:
ಅದೇ ತಿಂಗಳ 4ಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ ಅವರದ್ದೇ ಹೆಸರಿನ ಮೊದಲ ಸಂಗೀತ ಪ್ರವಾಸ ಶುರುವಾಯಿತು. 53ನೇ ವಯಸ್ಸಲ್ಲಿ. ಸಿಯಾರಾ, ಬಸ್ಟಾ ರೈಮ್ಸ್, ಟಿಂಬಲ್ಯಾಂಡ್ ಜೊತೆಗಿದ್ದರು. ಪೋರ್ಟ್ಸ್‌ಮತ್‌ನಲ್ಲಿ 2022ರಲ್ಲೇ ಒಂದು ರಸ್ತೆಗೆ ಅವರ ಹೆಸರಿಟ್ಟಿದ್ದಾರೆ.

ಹಳೇಕ್ಯಾಸೆಟ್:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಅಕ್ಕನ ಮನೆಯಿಂದ ಬಂದೆ. ಮೊದಲು 'ಲೂಸ್ ಕಂಟ್ರೋಲ್' ಹಾಕಿದೆ, ಏನೂ ಹೇಳದೆ. ತಲೆ ಆಡಿಸ್ತಾ ಕೇಳಿದ. ಪ್ರೊಡ್ಯೂಸರ್ ಯಾರು ನೋಡು ಅಂದೆ. ಫೋನ್ ತೆಗೆದು ನೋಡಿದ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರೇವನ್-ಸಿಮೋನೆ ವಿಡಿಯೊದ ಕಥೆ ಹೇಳಿದೆ. "ಆ ವಿಡಿಯೊ ಸಿಗುತ್ತಾ ಮಾಮ?" ಅಂತ ತಾನೇ ಹುಡುಕಿ ನೋಡಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಕೇಳಿದ.

ಆದರೂ ಎದ್ದು ಹೋಗುವಾಗ "ಬೀಟ್ ಮಾತ್ರ ಟಿಂಬಲ್ಯಾಂಡ್‌ದೇ ಚೆನ್ನಾಗಿರುತ್ತೆ" ಅಂದ.

ಬೀಟ್‌ಹುಚ್ಚ:
ಹುಡುಗನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. 'ಸೋ ಗಾನ್' ಕೂಡ ಕೇಳಿಸಿ, ಅದರಲ್ಲೂ ಟಿಂಬಲ್ಯಾಂಡ್ ಇಲ್ಲ. ಈಗ ಹೋಗಿ ನೋಡಿದೆ.

ಕಡಲತೀರ:
ಮಳೆಬಿಲ್ಲು, ಅಮ್ಮನಿಗೆ ಫೋನ್ ಮಾಡಿದ್ದೆ. ಆ ಹಾಡು ಇನ್ನೂ ನೆನಪಿದೆಯಂತೆ. ಹಾಡು ಅಂದರು. ಹಾಡಿದೆ.